ಮೆದುಳಿಗೆ ರಕ್ತ ಹೋಗುವ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸಿಂಗ್ ಓದುವ ಮಕ್ಕಳಿಗೆ ನಾನು ಶರೀರ ರಚನೆಯ ಪಾಠ ಮಾಡುತ್ತೇನೆ. ಈ ಪ್ರಶ್ನೆಗಳಲ್ಲಿ ಅರ್ಧ ಅವರು ಕೇಳಿದ್ದು. ಉಳಿದರ್ಧ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ರಾತ್ರಿ ಹೊತ್ತು ಫೋನ್ ಮಾಡಿ ನೆಂಟರಿಷ್ಟರು ಕೇಳಿದ್ದು. ನಿಮ್ಮ ಕಾಯಿಲೆಗೆ ಏನು ಔಷಧಿ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ತಲೆಗೆ ರಕ್ತ ಯಾವ ದಾರಿಯಲ್ಲಿ ಹೋಗುತ್ತದೆ, ಅದು ನಿಂತರೆ ಏನಾಗುತ್ತದೆ ಅನ್ನುವುದು ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಗೊತ್ತಿರಬೇಕು.

ಮೆದುಳಿಗೆ ಎಷ್ಟು ರಕ್ತ ಬೇಕು?

ದೊಡ್ಡವರ ಮೆದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ. ಮೈತೂಕದಲ್ಲಿ ಬರೀ 2%. ಆದರೆ ಸುಮ್ನೆ ಕೂತಿದ್ದಾಗ ಹೃದಯ ಒತ್ತುವ ರಕ್ತದಲ್ಲಿ ಸುಮಾರು 15% ಅದೊಂದಕ್ಕೇ ಹೋಗುತ್ತದೆ. ಅಂದರೆ ನಿಮಿಷಕ್ಕೆ ಹೆಚ್ಚುಕಮ್ಮಿ 750 ಮಿ.ಲೀ. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ನೆನಪಿಸಿಕೊಳ್ಳಿ. ಅಂಥ ಒಂದೂವರೆ ಪ್ಯಾಕೆಟ್, ಪ್ರತಿ ನಿಮಿಷ, ಹಗಲೂ ರಾತ್ರಿ. ಮೈ ಬಳಸುವ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಇಲ್ಲೇ ಖರ್ಚಾಗುತ್ತದೆ.

ಅಷ್ಟೊಂದು ಯಾಕೆ?

ಮೆದುಳು ಏನನ್ನೂ ಕೂಡಿಟ್ಟುಕೊಳ್ಳುವುದಿಲ್ಲ. ಸ್ನಾಯುವಿನಲ್ಲಿ, ಪಿತ್ತಜನಕಾಂಗದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಮೆದುಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಇದು ತಿಂಗಳ ಸಾಮಾನು ತಂದಿಟ್ಟುಕೊಂಡ ಮನೆಯಲ್ಲ. ಅವತ್ತಿನ ಕೂಲಿಯಲ್ಲಿ ಅವತ್ತು ಅಕ್ಕಿ ತಂದು ಅಡುಗೆ ಮಾಡುವ ಮನೆ. ಕೂಲಿ ತಪ್ಪಿದ ದಿನ ಒಲೆ ಹಚ್ಚುವ ಹಾಗಿಲ್ಲ.

ಅದಕ್ಕೇ ತಲೆಗೆ ರಕ್ತ ಪೂರ್ತಿ ನಿಂತರೆ 10 ಸೆಕೆಂಡಿನಷ್ಟರಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷ ಕಳೆದರೆ ಜೀವಕೋಶಗಳು ಮತ್ತೆ ಸರಿಪಡಿಸಲಾಗದ ಹಾಗೆ ಕೆಡತೊಡಗುತ್ತವೆ. ಕೈಗೆ ಹಗ್ಗ ಬಿಗಿದು ಅರ್ಧ ಗಂಟೆ ರಕ್ತ ತಡೆದರೂ ಬಿಚ್ಚಿದ ಮೇಲೆ ಕೈ ಚೇತರಿಸಿಕೊಳ್ಳುತ್ತದೆ. ಮೆದುಳಿಗೆ ಆ ತಾಳ್ಮೆ ಇಲ್ಲ. ಈ ಪುಟದ ಬೇರೆ ಎಲ್ಲವನ್ನೂ ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ.

ರಕ್ತ ಯಾವ ದಾರಿಯಲ್ಲಿ ಮೇಲೆ ಹೋಗುತ್ತದೆ?

ನಾಲ್ಕು ನಾಳಗಳಲ್ಲಿ. ಕತ್ತಿನ ಮುಂದೆ ಎರಡು, ಹಿಂದೆ ಎರಡು.

ಮುಂದಿನವು ಕೆರೋಟಿಡ್ ನಾಳಗಳು. ಗಂಟಲಿನ ಉಬ್ಬಿನ ಪಕ್ಕಕ್ಕೆ ಎರಡು ಬೆರಳಿಟ್ಟು ಮೆತ್ತಗೆ ಒತ್ತಿ ನೋಡಿ. ಡಬ್ ಡಬ್ ಅನ್ನುತ್ತದಲ್ವಾ, ಅದೇ. ಒಂದು ಸಲಕ್ಕೆ ಒಂದೇ ಕಡೆ ಒತ್ತಿ, ಎರಡೂ ಕಡೆ ಒಟ್ಟಿಗೆ ಬೇಡ. ಕೆರೋಟಿಡ್ ಅನ್ನುವ ಹೆಸರು ಬಂದಿದ್ದೇ ಮಂಪರು ಅನ್ನುವ ಅರ್ಥದ ಗ್ರೀಕ್ ಪದದಿಂದ. ಎರಡನ್ನೂ ಒತ್ತಿದರೆ ಮನುಷ್ಯ ಮಂಪರಿಗೆ ಜಾರುತ್ತಾನೆ ಅನ್ನುವುದು ಆ ಕಾಲದವರಿಗೂ ಗೊತ್ತಿತ್ತು. ಗಂಟಲಿನ ಉಬ್ಬಿನ ಎತ್ತರದಲ್ಲಿ ಈ ನಾಳ ಎರಡಾಗಿ ಒಡೆಯುತ್ತದೆ. ಒಂದು ಮುಖಕ್ಕೆ, ನೆತ್ತಿಯ ಚರ್ಮಕ್ಕೆ. ಇನ್ನೊಂದು ತಲೆಬುರುಡೆಯ ಒಳಕ್ಕೆ. ಮೆದುಳಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲಿನಷ್ಟು ಈ ಒಳಗಿನ ಜೋಡಿಯಿಂದಲೇ.

ಹಿಂದಿನ ಜೋಡಿಯ ದಾರಿ ನನಗೆ ತುಂಬಾ ಇಷ್ಟ. ಕತ್ತಿನಲ್ಲಿ ಏಳು ಮೂಳೆಗಳಿವೆ. ಪ್ರತಿಯೊಂದರ ಎಡಕ್ಕೂ ಬಲಕ್ಕೂ ಒಂದೊಂದು ತೂತು. ತೋಳಿಗೆ ಹೋಗುವ ನಾಳದಿಂದ ಕವಲೊಡೆದು ಬಂದ ನಾಳ ಈ ತೂತುಗಳೊಳಗೆ ಏರುತ್ತದೆ, ದಾರಕ್ಕೆ ಮಣಿ ಪೋಣಿಸಿದ ಹಾಗೆ. ತರಗತಿಯಲ್ಲಿ ನಾನು ಏಳು ಮೂಳೆಗಳನ್ನು ಮೇಜಿನ ಮೇಲಿಟ್ಟು ಕೆಂಪು ಉಲ್ಲನ್ ದಾರ ಕೊಡುತ್ತೇನೆ. ಮಕ್ಕಳು ಕೆಳಗಿನ ಏಳನೇ ಮೂಳೆಯಿಂದಲೇ ಶುರು ಮಾಡುತ್ತಾರೆ. ಅಲ್ಲೂ ತೂತಿದೆ, ಆದರೆ ನಾಳ ಸಾಮಾನ್ಯವಾಗಿ ಅದನ್ನು ಬಿಟ್ಟು ಆರನೆಯದರಲ್ಲಿ ಒಳಹೊಕ್ಕುತ್ತದೆ. ಅಲ್ಲಿಂದ ಮೇಲೇರಿ ಮೊದಲನೇ ಮೂಳೆಯ ಹಿಂದೆ ಒಂದು ಸುತ್ತು ಬಳಸಿ, ಬುರುಡೆಯ ತಳದ ದೊಡ್ಡ ತೂತಿನಲ್ಲಿ ಒಳಗೆ ಹೋಗುತ್ತದೆ. ಒಳಗೆ ಎಡದ್ದೂ ಬಲದ್ದೂ ಸೇರಿ ಒಂದೇ ನಾಳವಾಗುತ್ತವೆ. ಅದರ ಹೆಸರು ಬೇಸಿಲರ್.

ವಿಲ್ಲಿಸ್ ವೃತ್ತ ಅಂದರೆ ಏನು?

ಮೆದುಳಿನ ತಳದಲ್ಲಿ ಈ ಎಲ್ಲಾ ನಾಳಗಳು ಚಿಕ್ಕ ಚಿಕ್ಕ ಕೊಂಡಿಗಳಿಂದ ಕೂಡಿಕೊಂಡು ಒಂದು ಉಂಗುರ ಆಗುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರವಾಗಿ ಬರೆದರು. ಚಿತ್ರ ಬರೆದುಕೊಟ್ಟವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬರು. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ್ದು ಇವರೇ. ಕಟ್ಟಡ ಕಟ್ಟುವವರ ಕಣ್ಣಿಗೆ ಆ ಉಂಗುರದ ಜಾಣ್ಮೆ ಹೇಗೆ ಕಂಡಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ವಿಲ್ಲಿಸ್ ಒಬ್ಬರ ಶವ ಪರೀಕ್ಷೆ ಮಾಡಿದಾಗ ಒಂದು ಕಡೆಯ ಕೆರೋಟಿಡ್ ಪೂರ್ತಿ ಮುಚ್ಚಿಹೋಗಿತ್ತು. ಆದರೂ ಆ ಮನುಷ್ಯನಿಗೆ ಮೆದುಳಿನ ತೊಂದರೆ ಇರಲಿಲ್ಲ. ಉಂಗುರದ ಮೂಲಕ ಬೇರೆ ನಾಳಗಳು ಆ ಕೆಲಸ ವಹಿಸಿಕೊಂಡಿದ್ದವು.

ಹಾಗಾದರೆ ಒಂದು ನಾಳ ಮುಚ್ಚಿದರೆ ಭಯ ಇಲ್ಲ ಅಂತಲೇ?

ಹಾಗೆ ನೆಮ್ಮದಿಯಾಗಿ ಇರುವಂತಿಲ್ಲ. ಪುಸ್ತಕದ ಚಿತ್ರದಲ್ಲಿರುವ ಹಾಗೆ ಪೂರ್ತಿ ಉಂಗುರ ಇರುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಕೆಲವರಲ್ಲಿ ಒಂದು ಕೊಂಡಿ ದಾರದಷ್ಟು ಸಣ್ಣ, ಕೆಲವರಲ್ಲಿ ಇಲ್ಲವೇ ಇಲ್ಲ. ಎರಡನೆಯದು, ವರ್ಷಗಟ್ಟಲೆ ನಿಧಾನವಾಗಿ ಮುಚ್ಚಿದರೆ ಬೇರೆ ದಾರಿಗಳು ಅಗಲವಾಗಲು ಸಮಯ ಸಿಗುತ್ತದೆ. ಒಂದೇ ಏಟಿಗೆ ಮುಚ್ಚಿದರೆ ಸಿಗುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಉಂಗುರ ಊರಿನ ರಿಂಗ್ ರೋಡ್ ಇದ್ದ ಹಾಗೆ. ರಿಂಗ್ ರೋಡಿನಲ್ಲಿ ಒಂದು ಕಡೆ ಬಂದ್ ಆದರೆ ಸುತ್ತಿ ಬರಬಹುದು. ನಿಮ್ಮ ಮನೆಯ ಗಲ್ಲಿಯೇ ಬಂದ್ ಆದರೆ? ಉಂಗುರ ದಾಟಿ ಮುಂದೆ ಹೋದ ಕವಲುಗಳು ಹೆಚ್ಚಾಗಿ ಅಂಥ ಗಲ್ಲಿಗಳೇ.

ಯಾವ ನಾಳ ಯಾವ ಭಾಗಕ್ಕೆ?

ಉಂಗುರದಿಂದ ಎರಡೂ ಕಡೆ ಮೂರು ಮೂರು ದೊಡ್ಡ ಕವಲು ಹೊರಡುತ್ತವೆ.

ನಡುವಿನದು ಎಲ್ಲಕ್ಕಿಂತ ದೊಡ್ಡದು, ಲಕ್ವದಲ್ಲಿ ಹೆಚ್ಚಾಗಿ ಮುಚ್ಚುವುದೂ ಇದೇ. ಮುಖ, ಕೈ ಆಡಿಸುವ ಭಾಗ ಇದರ ಪಾಲಿಗೆ. ಹೆಚ್ಚಿನವರಲ್ಲಿ ಮಾತಿನ ಜಾಗ ಎಡ ಮೆದುಳಿನಲ್ಲಿದೆ. ಎಡ ಮೆದುಳು ಆಡಿಸುವುದು ಬಲಗಡೆಯ ಮೈಯನ್ನು. ಅದಕ್ಕೇ "ಬಲಗಡೆ ಲಕ್ವ ಹೊಡೆದರೆ ಮಾತೂ ಹೋಗುತ್ತದೆ" ಅಂತ ಹಳ್ಳಿಯಲ್ಲಿ ಹಿರಿಯರು ಹೇಳುವುದು. ಕಣ್ಣಾರೆ ಕಂಡು ಹೇಳಿದ ಮಾತು ಅದು, ಸರಿಯಾಗಿಯೇ ಇದೆ.

ಮುಂದಿನ ಕವಲು ಮೆದುಳಿನ ಎಡ ಬಲ ಅರೆಗಳ ನಡುವಿನ ಸಂದಿಗೆ ಇಳಿಯುತ್ತದೆ. ಕಾಲನ್ನು ಆಡಿಸುವ ಜಾಗ ಆ ಸಂದಿಯಲ್ಲಿದೆ. ಹಿಂದಿನ ಕವಲು ನೋಟದ ಭಾಗಕ್ಕೆ ಹೋಗುತ್ತದೆ. ಅದು ಮುಚ್ಚಿದರೆ ಕಣ್ಣು ಚೆನ್ನಾಗಿದ್ದರೂ ಒಂದು ಪಕ್ಕದ ಜಗತ್ತೇ ಕಾಣದೆ ಹೋಗಬಹುದು. ತಟ್ಟೆಯಲ್ಲಿ ಬಲಗಡೆಯ ಪಲ್ಯ ಹಾಗೇ ಉಳಿದಿರುತ್ತದೆ, ಮನೆಯವರಿಗೆ ಯಾಕೆಂದು ತಿಳಿಯುವುದಿಲ್ಲ.

ಬೇಸಿಲರ್ ನಾಳ ಮೆದುಳಿನ ಕಾಂಡಕ್ಕೂ ಕಿರುಮೆದುಳಿಗೂ ರಕ್ತ ಕೊಡುತ್ತದೆ. ಅಲ್ಲಿ ತೊಂದರೆಯಾದರೆ ದಿಢೀರಂತ ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟ, ನಡಿಗೆಯಲ್ಲಿ ತೂರಾಟ. ನಮ್ಮಲ್ಲಿ ಇದಕ್ಕೆ ಮೊದಲು ಸಿಗುವ ಹೆಸರು ಪಿತ್ತ, ಇಲ್ಲವೇ ಗ್ಯಾಸ್ಟ್ರಿಕ್. ಒಂದು ಲೋಟ ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಾರೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ ಅಥವಾ ನಿಲ್ಲಲು ಆಗದಿದ್ದರೆ ದಯವಿಟ್ಟು ಮಲಗಿಸಬೇಡಿ, ಆಸ್ಪತ್ರೆಗೆ ಹೊರಡಿ.

ಬಿಪಿ ಏರಿಳಿದಾಗ ಮೆದುಳಿನ ರಕ್ತವೂ ಏರಿಳಿಯುತ್ತದಾ?

ಆರೋಗ್ಯವಂತರಲ್ಲಿ ಅಷ್ಟಾಗಿ ಇಲ್ಲ. ನಮ್ಮ ಕಡೆ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದರು. ಕೆರೆ ತುಂಬಿದ್ದಾಗ ತೂಬು ಸ್ವಲ್ಪವೇ ಎತ್ತುತ್ತಿದ್ದರು, ಇಳಿದಾಗ ಜಾಸ್ತಿ. ಗದ್ದೆಗೆ ಹೋಗುವ ನೀರು ಮಾತ್ರ ಹದವಾಗಿ ಇರುತ್ತಿತ್ತು. ಮೆದುಳಿನ ಸಣ್ಣ ನಾಳಗಳ ಗೋಡೆಯಲ್ಲಿರುವ ಸ್ನಾಯು ಅದೇ ಕೆಲಸ ಮಾಡುತ್ತದೆ. ಒತ್ತಡ ಏರಿದರೆ ಬಿಗಿಯುತ್ತದೆ, ಇಳಿದರೆ ಸಡಿಲವಾಗುತ್ತದೆ. ಸರಾಸರಿ ಒತ್ತಡ ಸುಮಾರು 60ರಿಂದ 150ರವರೆಗೆ ಏರಿಳಿದರೂ ರಕ್ತದ ಹರಿವು ಹೆಚ್ಚುಕಮ್ಮಿ ಒಂದೇ ಇರುತ್ತದೆ ಅಂತ ಪಠ್ಯಪುಸ್ತಕಗಳು ಹೇಳುತ್ತವೆ. 120/80 ಬಿಪಿ ಇರುವವರ ಸರಾಸರಿ 93ರ ಆಸುಪಾಸು (ಕೆಳಗಿನ ಅಂಕಿಗೆ ಎರಡರ ಅಂತರದ ಮೂರನೇ ಒಂದು ಪಾಲು ಕೂಡಿಸಿ ತೆಗೆಯುವ ಲೆಕ್ಕ ಇದು).

ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದವರಲ್ಲಿ ಈ ಲೆಕ್ಕವೇ ಮೇಲಕ್ಕೆ ಸರಿದಿರುತ್ತದೆ. ಅವರ ಮೆದುಳು ಎತ್ತರದ ಒತ್ತಡಕ್ಕೇ ಹೊಂದಿಕೊಂಡಿರುತ್ತದೆ. ಒಂದೇ ದಿನದಲ್ಲಿ ಬಿಪಿ ಕೆಳಗಿಳಿಸಲು ಹೋದರೆ ಮೆದುಳಿಗೆ ರಕ್ತ ಸಾಲದೆ ಹೋಗಬಹುದು. ಎರಡು ದಿನ ಮರೆತ ಮಾತ್ರೆಗಳನ್ನು ಮೂರನೇ ದಿನ ಒಟ್ಟಿಗೆ ನುಂಗಬೇಡಿ ಅನ್ನುವುದು ಇದಕ್ಕೇ.

ಹಾಗಂತ ಏರಿದ ಬಿಪಿಯನ್ನು ಬಿಡುವ ಹಾಗೂ ಇಲ್ಲ. ನಡುವಿನ ಕವಲಿನಿಂದ ಕೂದಲಿನಷ್ಟು ತೆಳ್ಳಗಿನ ನಾಳಗಳು ನೇರವಾಗಿ ಮೆದುಳಿನ ಆಳಕ್ಕೆ ಹೋಗುತ್ತವೆ. ದೊಡ್ಡ ಪೈಪಿಗೆ ಸೀದಾ ಸಿಕ್ಕಿಸಿದ ಸಣ್ಣ ನಳಿಕೆಗಳ ಹಾಗೆ. ಒತ್ತಡದ ಏಟು ವರ್ಷಗಟ್ಟಲೆ ಬೀಳುವುದು ಇವುಗಳಿಗೆ. ಒಂದು ದಿನ ಅವು ಒಡೆಯುತ್ತವೆ ಅಥವಾ ಮುಚ್ಚುತ್ತವೆ. "ನನಗೇನೂ ಆಗುತ್ತಿಲ್ಲ, ಮಾತ್ರೆ ಯಾಕೆ" ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಆ ನಾಳಗಳು ಸವೆಯುವಾಗ ನೋವಾಗುವುದಿಲ್ಲ.

ಕೂತವರು ಎದ್ದ ತಕ್ಷಣ ಕಣ್ಣು ಕತ್ತಲೆ ಬರುವುದು ಯಾಕೆ?

ಎದ್ದಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ, ತಲೆಗೆ ಒಂದೆರಡು ಕ್ಷಣ ಕಮ್ಮಿಯಾಗುತ್ತದೆ. ನೀರು ಕಡಿಮೆ ಕುಡಿದವರಿಗೆ, ಬಿಪಿ ಮಾತ್ರೆ ತಗೊಳ್ಳುವವರಿಗೆ, ವಯಸ್ಸಾದವರಿಗೆ ಇದು ಜಾಸ್ತಿ. ಮಂಚದಿಂದ ಏಳುವಾಗ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ. ಪದೇ ಪದೇ ಆಗುತ್ತಿದ್ದರೆ ಡಾಕ್ಟರಿಗೆ ಹೇಳಿ.

ಎಚ್ಚರ ತಪ್ಪಿದವರನ್ನು ಎತ್ತಿ ಕೂರಿಸಬಹುದಾ?

ಬೇಡ. ಛತ್ರದಲ್ಲಿ ಯಾರಾದರೂ ಬಿದ್ದರೆ ನಾಲ್ಕು ಜನ ಓಡಿಬಂದು ಎತ್ತಿ ಕುರ್ಚಿಗೆ ಕೂರಿಸುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುವುದು. ಆದರೆ ಮೈ ತಾನಾಗಿ ಮಲಗಿ ತಲೆಗೆ ರಕ್ತ ತರಿಸಿಕೊಳ್ಳುತ್ತಿದೆ, ನಾವು ಅದನ್ನು ಮತ್ತೆ ಮೇಲೆತ್ತುತ್ತಿದ್ದೇವೆ. ಮಲಗಿರಲು ಬಿಡಿ. ಉಸಿರಾಟ ನೋಡಿ. ಕಾಲನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಪೂರ್ತಿ ಎಚ್ಚರ ಬರುವ ತನಕ ಬಾಯಿಗೆ ಏನೂ ಬೇಡ.

ಶೀರ್ಷಾಸನ ಮಾಡಿದರೆ ಮೆದುಳಿಗೆ ರಕ್ತ ಜಾಸ್ತಿ ಹೋಗುತ್ತದಾ?

ಮುಖ ಕೆಂಪಾಗುತ್ತದೆ, ಆದರೆ ಒಳಗೆ ಆ ನೀರುಗಂಟಿ ಇದ್ದಾನಲ್ಲ. ಹರಿವನ್ನು ಆದಷ್ಟು ಒಂದೇ ಹದದಲ್ಲಿ ಇಡುತ್ತಾನೆ. ಕಣ್ಣಿನ ಒಳಗಿನ ಒತ್ತಡ ಮಾತ್ರ ಆಗ ಸುಮಾರು ಎರಡರಷ್ಟಾಗುತ್ತದೆ. ಗ್ಲಾಕೋಮಾ ಇರುವವರು ಶೀರ್ಷಾಸನ ಮಾಡಬಾರದು.

ಜಾಸ್ತಿ ಯೋಚನೆ ಮಾಡಿದರೆ?

ಒಟ್ಟು ರಕ್ತ ಹೆಚ್ಚೇನೂ ಬದಲಾಗುವುದಿಲ್ಲ. ಯಾವ ಭಾಗ ಕೆಲಸ ಮಾಡುತ್ತಿದೆಯೋ ಅಲ್ಲಿಗೆ ಸ್ವಲ್ಪ ಜಾಸ್ತಿ ಹರಿಯುತ್ತದೆ. ಓದುವಾಗ ಒಂದು ಕಡೆ, ಹಾಡು ಕೇಳುವಾಗ ಇನ್ನೊಂದು ಕಡೆ. 1990ರ ಸುಮಾರಿಗೆ ಸೇಜಿ ಒಗಾವಾ ಮತ್ತು ಅವರ ಜೊತೆಗಾರರು ರಕ್ತದ ಆಮ್ಲಜನಕದ ಈ ಏರಿಳಿತವನ್ನು ಎಂಆರ್‌ಐ ಯಂತ್ರದಲ್ಲಿ ಕಾಣಬಹುದು ಅಂತ ತೋರಿಸಿದರು. ಪತ್ರಿಕೆಯಲ್ಲಿ ಬರುವ ಬಣ್ಣಬಣ್ಣದ ಮೆದುಳಿನ ಚಿತ್ರಗಳಲ್ಲಿ ಹಲವು ಹೀಗೆ ತೆಗೆದವು.

ರಕ್ತದಲ್ಲಿರುವುದೆಲ್ಲ ಮೆದುಳಿನೊಳಗೆ ಹೋಗುತ್ತದಾ?

ಇಲ್ಲ. ಮೆದುಳಿನ ಸೂಕ್ಷ್ಮ ನಾಳಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 600 ಕಿ.ಮೀ. ಆಗುತ್ತದೆ ಅನ್ನುತ್ತಾರೆ, ಹತ್ತಿರ ಹತ್ತಿರ ಬೆಂಗಳೂರಿನಿಂದ ಕಲಬುರಗಿ. ಅಷ್ಟುದ್ದಕ್ಕೂ ಗೋಡೆಯ ಕೋಶಗಳು ಸಂದಿಲ್ಲದೆ ಅಂಟಿಕೊಂಡಿವೆ. ಸಕ್ಕರೆಗೆ ಬೇರೆ ಬಾಗಿಲಿದೆ, ಆಮ್ಲಜನಕ ಸಲೀಸಾಗಿ ದಾಟುತ್ತದೆ, ಎಷ್ಟೋ ಔಷಧಿಗಳಿಗೆ ಪ್ರವೇಶವಿಲ್ಲ. ಪಾರ್ಕಿನ್ಸನ್ ರೋಗಿಗಳಿಗೆ ಕಮ್ಮಿಯಾಗಿರುವುದು ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕ, ಅದು ಈ ಗೋಡೆ ದಾಟುವುದಿಲ್ಲ. ಅದಕ್ಕೇ ದಾಟಬಲ್ಲ ಲೆವೊಡೋಪಾ ಕೊಡುತ್ತಾರೆ, ಒಳಗೆ ಹೋದ ಮೇಲೆ ಅದು ಡೋಪಮಿನ್ ಆಗುತ್ತದೆ.

ಹೋದ ರಕ್ತ ವಾಪಸ್ ಬರುವುದು ಹೇಗೆ?

ಇದನ್ನು ಕೇಳುವವರು ಕಡಿಮೆ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಇದು ತಿಳಿದಿರಲೇಬೇಕು.

ಮೆದುಳಿನ ಹೊದಿಕೆಯ ಪದರಗಳ ನಡುವೆ ದೊಡ್ಡ ಕಾಲುವೆಗಳಿವೆ. ನೆತ್ತಿಯ ನಡುವಿನಲ್ಲಿ ಮುಂದಿನಿಂದ ಹಿಂದಕ್ಕೆ ಒಂದು, ಅಲ್ಲಿಂದ ಕಿವಿಗಳ ಹಿಂದೆ ಒಂದೊಂದು. ಆ ಕಾಲುವೆಗಳು ಕತ್ತಿನ ದೊಡ್ಡ ನಾಳಗಳಿಗೆ ಸೇರಿ ರಕ್ತವನ್ನು ಎದೆಗೆ ಇಳಿಸುತ್ತವೆ. ಇಲ್ಲಿ ಹೆಪ್ಪು ಕಟ್ಟಿದರೆ ಒಳಗೆ ಬಂದ ರಕ್ತಕ್ಕೆ ಹೊರಗೆ ದಾರಿ ಇಲ್ಲ.

ಹೆರಿಗೆಯಾದ ಮೇಲೆ ಸುಮಾರು ಆರು ವಾರ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಲಿ ಅಂತ ಮೈ ಮಾಡಿಕೊಂಡ ಏರ್ಪಾಡು ಅದು. ಅದೇ ಹೊತ್ತಿಗೆ ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಕೊಡುವುದಿಲ್ಲ. ಹೊಟ್ಟೆ ದಪ್ಪ ಆಗುತ್ತದೆ, ಮಗುವಿಗೆ ಶೀತ ಆಗುತ್ತದೆ ಅನ್ನುತ್ತಾರೆ. ಬಿಸಿ ಕೋಣೆ, ಕೆಂಡದ ಕಾವು, ಎರೆದ ಮೇಲೆ ಬೆವರು, ಜೊತೆಗೆ ಹಾಲೂಡಿಸುವುದು. ಹೋಗುವ ನೀರೇ ಜಾಸ್ತಿ, ಬರುವುದು ದಿನಕ್ಕೆ ಎರಡು ಲೋಟ. ರಕ್ತ ಗಟ್ಟಿಯಾಗುತ್ತದೆ, ಕಾಲುವೆಯಲ್ಲಿ ಹೆಪ್ಪು ಕಟ್ಟುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆಯ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ.

ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್. ಮನೆಯಲ್ಲಿ ಬಾಣಂತಿ ಸನ್ನಿ ಅಂತ ಹೆಸರಿಟ್ಟು ಯಂತ್ರ ಕಟ್ಟಿಸುತ್ತಾರೆ. ನನ್ನ ಚಿಕ್ಕಮ್ಮನ ಮಗಳಿಗೆ ಹನ್ನೊಂದನೇ ದಿನ ಹೀಗೇ ಆಯಿತು. ಅವಳ ಅತ್ತೆಯೇ "ಇದು ಬರೀ ತಲೆನೋವಲ್ಲ, ಹೊರಡಿ" ಅಂತ ಹಠ ಮಾಡಿ ಕರೆದುಕೊಂಡು ಹೋದರು. ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡಿತು, ರಕ್ತ ತೆಳುವಾಗುವ ಔಷಧಿ ಕೊಟ್ಟರು. ಈಗ ಮಗುವಿಗೆ ನಾಲ್ಕು ವರ್ಷ. ಮೊನ್ನೆ ಅವರ ಮನೆಯಲ್ಲಿ ಇನ್ನೊಂದು ಬಾಣಂತನ ಇತ್ತು. ಮಂಚದ ಪಕ್ಕದಲ್ಲಿ ತಾಮ್ರದ ತಂಬಿಗೆ ತುಂಬಾ ಬಿಸಿನೀರು ಇತ್ತು. ಇಟ್ಟವರು ಅದೇ ಅತ್ತೆ.

ಸಲೂನಿನಲ್ಲಿ ಕತ್ತು ಲಟಕ್ ಅನ್ನಿಸಿದರೆ ತೊಂದರೆಯಾ?

ಮಾಡಿಸಿಕೊಳ್ಳಬೇಡಿ. ಮೂಳೆಯ ತೂತುಗಳೊಳಗೆ ಹೋಗುವ ನಾಳದ ಕಥೆ ಹೇಳಿದೆನಲ್ಲ. ಕತ್ತನ್ನು ದಿಢೀರಂತ ತಿರುಚಿದರೆ ಆ ನಾಳದ ಅಥವಾ ಕೆರೋಟಿಡ್‌ನ ಒಳಪದರ ಹರಿಯಬಹುದು. ಹರಿದ ಕಡೆ ಹೆಪ್ಪು ಕಟ್ಟಿ ಮೆದುಳಿಗೆ ಹೋಗುತ್ತದೆ. 2024ರಲ್ಲಿ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಸಲೂನಿನ ಮಸಾಜ್ ಆದ ಮೇಲೆ ಹೀಗೆ ಲಕ್ವ ಹೊಡೆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಎಲ್ಲರಿಗೂ ಆಗುವುದಿಲ್ಲ, ನಿಜ. ಆದರೂ ಒಂದು ಲಟಕ್‌ಗೆ ಆ ಬೆಲೆ ಕೊಡುವುದು ಯಾಕೆ?

ಲಕ್ವ ಗಾಳಿಯಿಂದ ಬರುತ್ತದಾ? ಪಾರಿವಾಳದ ರಕ್ತ ಹಚ್ಚಿದರೆ ವಾಸಿಯಾಗುತ್ತದಾ?

ಎರಡೂ ಇಲ್ಲ. ಲಕ್ವ ಅಂದರೆ ಮೆದುಳಿನ ನಾಳ ಮುಚ್ಚಿದೆ, ಇಲ್ಲವೇ ಒಡೆದಿದೆ. ಮುಚ್ಚುವುದೇ ಜಾಸ್ತಿ.

ನಾಟಿ ಮದ್ದಿನ ಮೇಲೆ ಜನರಿಗೆ ನಂಬಿಕೆ ಹೇಗೆ ಬಂತು ಅಂತ ನನಗೆ ಅರ್ಥವಾಗುತ್ತದೆ. ಕೆಲವರ ಲಕ್ವ ಹತ್ತಿಪ್ಪತ್ತು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಇನ್ನು ಕೆಲವರಿಗೆ ಮುಖದ ನರ ಮಾತ್ರ ಊದಿ ಬಾಯಿ ಸೊಟ್ಟಗಾಗಿರುತ್ತದೆ, ಅದೂ ಹೆಚ್ಚಿನವರಲ್ಲಿ ವಾರಗಳಲ್ಲಿ ಸರಿಹೋಗುತ್ತದೆ. ಅಂಥವರು ಎಲ್ಲಿಗೆ ಹೋಗಿದ್ದರೋ ಅಲ್ಲಿಯ ಮದ್ದಿಗೆ ಹೆಸರು ಬರುತ್ತದೆ. ಅದನ್ನು ನಂಬಿ ಹೋದ ಉಳಿದವರು ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನುವ ಲೆಕ್ಕವಿದೆ.

ಮುಖ ಒಂದು ಕಡೆ ವಾಲಿದೆಯಾ ನೋಡಿ. ಎರಡೂ ಕೈ ಎತ್ತಲು ಹೇಳಿ, ಒಂದು ಇಳಿಯುತ್ತದಾ ನೋಡಿ. ಒಂದು ವಾಕ್ಯ ಹೇಳಿಸಿ, ತೊದಲುತ್ತಾ ಇದ್ದಾರಾ ಕೇಳಿಸಿಕೊಳ್ಳಿ. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಗಡಿಯಾರ ನೋಡಿ, ಕೊನೆಯ ಸಲ ಅವರು ಚೆನ್ನಾಗಿದ್ದ ಹೊತ್ತು ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ, ಯಾಕೆಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದ ಹೆಪ್ಪನ್ನು ತಂತಿ ಹಾಕಿ ಹೊರಗೆಳೆಯುವ ಚಿಕಿತ್ಸೆ ಕೆಲವರಿಗೆ 24 ಗಂಟೆಯವರೆಗೂ ಆಗುತ್ತದೆ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ. ನಾಳ ಮುಚ್ಚಿದೆಯೋ ಒಡೆದಿದೆಯೋ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ, ಒಡೆದಿದ್ದರೆ ಆ ಮಾತ್ರೆ ರಕ್ತಸ್ರಾವ ಹೆಚ್ಚಿಸುತ್ತದೆ.

ಐದು ನಿಮಿಷದಲ್ಲಿ ತಾನಾಗಿ ಸರಿಹೋಯಿತು. ಆದರೂ ಹೋಗಬೇಕಾ?

ಅವತ್ತೇ ಹೋಗಬೇಕು. ನಮ್ಮ ದೊಡ್ಡಪ್ಪ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಬಲಗೈಯಿಂದ ಲೋಟ ಜಾರಿತು. ಎತ್ತಿಕೊಳ್ಳಲು ಹೋದರು, ಬೆರಳು ಕೂಡಲಿಲ್ಲ. ಏನೋ ಹೇಳಿದರು, ಮಾತು ಕಲಸಿಹೋಯಿತು. ಹತ್ತು ನಿಮಿಷಕ್ಕೆ ಎಲ್ಲ ಸರಿಯಾಯಿತು. ನಿದ್ದೆಗೆಟ್ಟಿದ್ದಕ್ಕೆ ಹೀಗೆ ಅಂದರು ಮನೆಯಲ್ಲಿ. ಮರುದಿನ ತೋಟಕ್ಕೂ ಹೋಗಿ ಬಂದರು. ಅದರ ಮಾರನೇ ದಿನ ಬೆಳಿಗ್ಗೆ ಏಳಲಿಲ್ಲ, ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಆಮೇಲೆ ಆರು ವರ್ಷ ಇದ್ದರು. ದೊಡ್ಡಮ್ಮನ ಹೆಸರು ಅವರ ಬಾಯಲ್ಲಿ ಮತ್ತೆ ಬರಲೇ ಇಲ್ಲ.

ತಾತ್ಕಾಲಿಕವಾಗಿ ಮುಚ್ಚಿ ತೆರೆದ ನಾಳ ಮತ್ತೆ ಮುಚ್ಚುವ ಅಪಾಯ ಮೊದಲ ಎರಡು ದಿನ ಅತಿ ಹೆಚ್ಚು. ಒಂದು ಕಣ್ಣಿಗೆ ಪರದೆ ಇಳಿದ ಹಾಗಾಗಿ ಮತ್ತೆ ತೆರೆದುಕೊಂಡರೂ ಇದೇ ಲೆಕ್ಕ. ಕಣ್ಣಿಗೆ ಹೋಗುವ ನಾಳ ಒಳಗಿನ ಕೆರೋಟಿಡ್‌ನದೇ ಕವಲು.

ನಿಜವಾದ ಮೆದುಳನ್ನು ನೋಡಬಹುದಾ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಸಾರ್ವಜನಿಕರನ್ನೂ ಬಿಡುತ್ತಾರೆ, ಯಾವ ದಿನ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಗಾಜಿನ ಪೆಟ್ಟಿಗೆಗಳಲ್ಲಿ ರಕ್ತಸ್ರಾವವಾದ ಮೆದುಳುಗಳೂ ಇವೆ. ಹತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋದರೆ ಒಳ್ಳೆಯದು. ಎಲ್ಲರೂ ಮೇಲಿನ ಮಡಿಕೆಗಳನ್ನು ನೋಡಿ ಬಂದುಬಿಡುತ್ತಾರೆ. ನೀವು ತಳಭಾಗ ಕಾಣುವಂತೆ ಇಟ್ಟದ್ದನ್ನು ತೋರಿಸಿ ಅಂತ ಅಲ್ಲಿಯವರನ್ನು ಕೇಳಿ. ನಾಳಗಳನ್ನು ಉಳಿಸಿಟ್ಟಿದ್ದರೆ ಉಂಗುರ ಅಲ್ಲೇ ಕಾಣಿಸುತ್ತದೆ.